ತಂತಿಯಲ್ಲಿ ಸ್ವರವಿಲ್ಲ

ಮಲೆನಾಡಿನ ನಗರ, ಹೊಸನಗರದ ಕಡೆ ಭಜನೆ, ನಾಟಕ, ಯಕ್ಷಗಾನದ ಶ್ರುತಿ ಎಲ್ಲಕ್ಕೂ ಹಾರ್ಮೋನಿಯಂ ಬಳಸುವುದುಂಟು. ಅದನ್ನು ನುಡಿಸುವ ಬೆರಳುಗಳು ಈಗ ಕೀಬೋರ್ಡಿನ ಮೇಲೂ ಓಡುತ್ತಿವೆ. ಕೀಬೋರ್ಡಿನಿಂದ ಒಂದು ತಂತಿ ಲ್ಯಾಪ್‌ಟಾಪಿಗೆ. ನನ್ನನ್ನು ಕಾಡುವುದು ಆ ತಂತಿಯೇ. ಅದರೊಳಗೆ ಸ್ವರ ಹರಿಯುವುದಿಲ್ಲ! ಯಾವ ಕೀ ಒತ್ತಿದರು, ಎಷ್ಟು ಜೋರಾಗಿ, ಯಾವಾಗ ಬಿಟ್ಟರು ಎಂಬ ಅಂಕಿಗಳು ಮಾತ್ರ. ಇದಕ್ಕೆ ಮಿಡಿ ಎನ್ನುತ್ತಾರೆ. ಅದೇ ಅಂಕಿಗಳನ್ನು ಓದಿ ಸಾಫ್ಟ್‌ವೇರ್ ಕೊಳಲನ್ನೂ ನುಡಿಸೀತು, ಪಿಟೀಲನ್ನೂ ನುಡಿಸೀತು.

ನಾವು ಬಿಳಿ ಒಂದು ಎನ್ನುವ ಶ್ರುತಿಯ ಮಧ್ಯ ಷಡ್ಜ ಮಿಡಿಯಲ್ಲಿ 60. ಕಪ್ಪು ಎರಡರಲ್ಲಿ ನುಡಿಸಿಟ್ಟ ಭಜನೆಗೆ ಹಾಡುವವರ ಗಂಟಲು ಏರದಿದ್ದರೆ ಎಲ್ಲ ಸ್ವರಗಳ ಅಂಕಿಗಳಿಂದ ಎರಡು ಕಳೆದರಾಯಿತು. ಕಪ್ಪು ಒಂದಕ್ಕೆ ಇಳಿಯುತ್ತದೆ, ಲಯ ಕದಲುವುದಿಲ್ಲ. ಹಳೆಯ ಟೇಪಿನಲ್ಲಿ ಶ್ರುತಿ ಇಳಿಸಹೋದರೆ ಹಾಡೂ ತೂಕಡಿಸುತ್ತಿತ್ತು.

ಇನ್ನೊಂದು ಸೋಜಿಗವಿದೆ. ಕೀಬೋರ್ಡಿಗೆ ಬೆರಳಿನ ಬಲ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ಪ್ರತಿ ಕೀಯ ಕೆಳಗೆ ಎರಡು ಸಂಪರ್ಕಗಳಿರುತ್ತವೆ; ಮೊದಲನೆಯದು ತಗುಲಿ ಎರಡನೆಯದು ತಗುಲುವವರೆಗಿನ ಕ್ಷಣವನ್ನು ಅದು ಅಳೆಯುತ್ತದೆ. ಅಂತರ ಕಡಿಮೆಯಾದಷ್ಟೂ ಒತ್ತು ಜೋರು. ಒಂದರಿಂದ 127ರೊಳಗಿನ ಒಂದು ಅಂಕಿ. ನಾವು ಭಾವ ಎಂದುಕೊಂಡದ್ದು ಅದಕ್ಕೆ ಬರೀ ಕಾಲ.

ಹಾರ್ಮೋನಿಯಂನಲ್ಲಿ ಎಡಗೈಗೆ ತಿದಿ ಒತ್ತುವ ಕೆಲಸ. ಕೀಬೋರ್ಡಿನಲ್ಲಿ ಆ ಕೈ ಬಿಡುವಾಗಿ ಪಕ್ಕದ ಪುಟ್ಟ ಚಕ್ರದ ಮೇಲೆ ಕೂರುತ್ತದೆ. ಚಕ್ರ ಸರಿಸಿದರೆ ಸ್ವರ ಜಾರುತ್ತದೆ. ಆ ಜಾರುವಿಕೆಯನ್ನು ಮಿಡಿ 16,384 ಮೆಟ್ಟಿಲುಗಳಲ್ಲಿ ಹೇಳಬಲ್ಲದು. ಗಮಕ ಹೊರಡಿಸಲಾರದು ಎಂಬ ಆಕ್ಷೇಪವೂ ಸೇರಿ 1940ರಲ್ಲಿ ಹಾರ್ಮೋನಿಯಂ ಆಕಾಶವಾಣಿಯಿಂದ ಹೊರಬಿದ್ದಿತ್ತು. ಆ ಕೊರತೆಯನ್ನು ಚಕ್ರ ಅಷ್ಟಿಷ್ಟು ತುಂಬಿದೆ. ವೀಣೆಯ ಕಂಪಿತ ಬಂತೆಂದು ನಾನು ಹೇಳಲಾರೆ. ರಾಗ ಬಲ್ಲವರ ಎಡಗೈ ಆಡಿದರೆ ಕೇಳುವ ಹಾಗಿರುತ್ತದೆ, ಬಾರದವರ ಕೈಯಲ್ಲಿ ಬರೀ ಸೈರನ್ನು. (ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋದರೆ ಎರಡೂ ಇಲ್ಲ, ಆಗ ತಿದಿಯೇ ಗತಿ.)

ಈ ಮಿಡಿಯ ಹಿಂದಿರುವ ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುಟಾರೊ ಕಾಕೆಹಾಶಿ ಪರಸ್ಪರ ಪೈಪೋಟಿಯ ವಾದ್ಯ ಕಂಪನಿಗಳವರು. ಆದರೂ ವಾದ್ಯಗಳೆಲ್ಲ ಒಂದೇ ಭಾಷೆ ಆಡಲೆಂದು ಕೂಡಿ ದುಡಿದರು. 1983ರಲ್ಲಿ ಮಿಡಿ ಬಂತು. ಬಳಸುವವರಿಂದ ಪರವಾನಗಿ ಶುಲ್ಕ ಕೇಳಲಿಲ್ಲ. 2013ರಲ್ಲಿ ಇಬ್ಬರಿಗೂ ತಾಂತ್ರಿಕ ಗ್ರಾಮಿ ಸಂದಿತು.

ಮನೆಯ ಅಟ್ಟದಲ್ಲಿ ಹಳೆಯ ಕೀಬೋರ್ಡ್ ಇದ್ದರೆ ಗುಜರಿಗೆ ಹಾಕುವ ಮೊದಲು ಹಿಂಬದಿ ನೋಡಿ. ಮಿಡಿ ಎಂದು ಬರೆದ, ಐದು ತೂತಿನ ದುಂಡು ಸಾಕೆಟ್ ಇದ್ದರೆ, ಒಂದು ಯುಎಸ್‌ಬಿ ಮಿಡಿ ಕೇಬಲ್ ತಂದು ಇಂದಿನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನುಡಿಸಬಹುದು.