ಬಾಣ ಕಾಣಲಿಲ್ಲ, ಆದರೆ ಹೋಗಿರಲಿಲ್ಲ
ವಾಕ್ಯಭಾಗ: ಲೂಕ 24:13–35

ಯುವಜನರೇ, ಇವತ್ತು ಮೊದಲು ನನ್ನದೊಂದು ತಪ್ಪೊಪ್ಪಿಗೆ.

ಹೋದ ವಾರ ಚಿಕ್ಕೋಡಿಯ ಕೂಟದಲ್ಲಿ ಆರಾಧನೆ ನಡೀತಿತ್ತು. ಹಾಡಿನ ಸ್ಲೈಡ್ ಮುಂದೆ ಹೋಗಲಿಲ್ಲ. ಲ್ಯಾಪ್‌ಟಾಪ್ ಮುಂದೆ ಕೂತ ತಮ್ಮ ಮೌಸ್ ಆಡಿಸ್ತಾನೆ, ಬಾಣವೇ ಕಾಣ್ತಿಲ್ಲ. ನಾನು ಮೈಕಿನಲ್ಲೇ, "ಏನಪಾ, ಪ್ರಾಕ್ಟೀಸ್ ಮಾಡಿ ಬರಬಾರದಾ?" ಅಂದೆ. ಎಲ್ಲರೂ ನಕ್ಕರು. ಅವನು ತಲೆ ತಗ್ಗಿಸಿದ.

ಕೂಟ ಮುಗಿದ ಮೇಲೆ ಅವನೇ ತೋರಿಸಿದ. ಲ್ಯಾಪ್‌ಟಾಪ್ ಪರದೆಗೆ 150 ಪರ್ಸೆಂಟ್ ಸ್ಕೇಲಿಂಗ್, ಪ್ರೊಜೆಕ್ಟರಿಗೆ 100. ಬಾಣ ಒಂದೇ, ಅಳತೆ ಎರಡು. ಕೆಲವು ಸಾಫ್ಟ್‌ವೇರ್ ಒಂದು ಪರದೆಯ ಲೆಕ್ಕವನ್ನೇ ಇನ್ನೊಂದಕ್ಕೂ ಹಾಕ್ತವೆ, ಆಗ ಗಡಿ ದಾಟಿದ ಬಾಣ ಸರಿಯಾಗಿ ಮೂಡೋದಿಲ್ಲ. "ಪಾಸ್ಟರ್, ಬಾಣ ಹೋಗಿರಲಿಲ್ಲ ನೋಡ್ರಿ. ಕ್ಲಿಕ್ ಆಗ್ತಿತ್ತು" ಅಂದ. ಎರಡಕ್ಕೂ ಒಂದೇ ಸ್ಕೇಲಿಂಗ್ ಇಟ್ಟ, ಬಾಣ ಕಂಡಿತು.

ಆ ಮಾತು ನನ್ನನ್ನು ಬಿಡಲಿಲ್ಲ.

ಎಮ್ಮಾಹುವಿನ ದಾರಿ ನೋಡ್ರಿ. ಯೆರೂಸಲೇಮಿನಿಂದ ಸುಮಾರು 11 ಕಿಲೋಮೀಟರ್. ಇಬ್ಬರು ಶಿಷ್ಯರು ಮುಖ ಬಾಡಿಸಿಕೊಂಡು ಹೊರಟಿದ್ದಾರೆ. ಯೇಸು ಸ್ವಾಮಿ ಪಕ್ಕದಲ್ಲೇ ನಡೆದರು, ಅವರಿಗೆ ಗುರುತು ಹತ್ತಲಿಲ್ಲ. ಯಾಕೆ? ಅವರು ಕಾಯ್ತಿದ್ದ ರಕ್ಷಕನ ಅಳತೆಯೊಳಗೆ ಶಿಲುಬೆ ಹಿಡಿಸಲಿಲ್ಲ. ಆದ್ರೂ ಶಾಸ್ತ್ರ ಬಿಡಿಸಿ ಹೇಳುವಾಗ ಅವರ ಹೃದಯ ಉರೀತಿತ್ತು. ಬಾಣ ಕಾಣಲಿಲ್ಲ, ಕ್ಲಿಕ್ ಆಗ್ತಿತ್ತು! ಆಮೆನ್ ಹೇಳ್ರಿ.

ನಾವು ಗಡಿಯ ಜನ. ನಿಪ್ಪಾಣಿಯಲ್ಲಿ ಮನೆಗೊಂದು ಭಾಷೆ, ಅಂಗಡಿಗೊಂದು ಭಾಷೆ. ರಾಯಬಾಗ, ಅಥಣಿ, ಕಾಗವಾಡದಿಂದ ಪುಣೆಗೆ, ಬೆಂಗಳೂರಿಗೆ ಹೋದವರಿಗೆ ಊರಲ್ಲೊಂದು ಅಳತೆ, ಆಫೀಸಿನಲ್ಲಿ ಇನ್ನೊಂದು. 2019ರಲ್ಲಿ ಕೃಷ್ಣೆ ಮನೆಯೊಳಗೆ ಬಂದಾಗ, ದೇವರು ಎಲ್ಲಿದ್ದಾರೆ ಅಂತ ಅತ್ತವರೂ ಇದ್ದೀರಿ. ಅದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಯೇಸು ಸ್ವಾಮಿಯೂ ಆ ಇಬ್ಬರನ್ನು ಬೈಯೋದಕ್ಕೆ ಮೊದಲು ಅವರ ದುಃಖ ಪೂರ್ತಿ ಕೇಳಿದರು. ಆಮೇಲೆ ಜೊತೆಗೆ ಊಟಕ್ಕೆ ಕೂತರು. ರೊಟ್ಟಿ ಮುರಿದಾಗ ಕಣ್ಣು ತೆರೆಯಿತು.

ವಿಂಡೋಸ್‌ನ ಮೌಸ್ ಸೆಟ್ಟಿಂಗಿನಲ್ಲಿ ಒಂದು ಆಯ್ಕೆ ಇದೆ. ಅದನ್ನು ಆನ್ ಮಾಡಿ ಕಂಟ್ರೋಲ್ ಒತ್ತಿದ್ರೆ ಬಾಣದ ಸುತ್ತ ಉಂಗುರ ಮೂಡುತ್ತೆ. ಆ ಕೀ ಬಾಣವನ್ನು ಕರೆತರೋದಿಲ್ಲ, ಇದ್ದ ಜಾಗ ತೋರಿಸುತ್ತೆ. ಪ್ರಾರ್ಥನೆಯೂ ಹಾಗೇ. ದೂರದ ದೇವರನ್ನು ಎಳೆದು ತರೋದಲ್ಲ, ಪಕ್ಕದಲ್ಲಿರುವವರನ್ನು ಗುರುತಿಸೋದು.

ಇನ್ನು ನನ್ನ ಲೆಕ್ಕ. ಕಂಡದ್ದರಿಂದಷ್ಟೇ ಆ ತಮ್ಮನನ್ನು ಅಳೆದೆ. ಮೈಕಿನಲ್ಲಿ ಬೈದವನು ಮೈಕಿನಲ್ಲೇ ಕ್ಷಮೆ ಕೇಳಬೇಕು. ತಮ್ಮಾ, ತಪ್ಪಾಯ್ತು.

ನೀವು ಯಾರನ್ನು ತಪ್ಪು ಅಳತೆಯಲ್ಲಿ ನೋಡಿದ್ದೀರಿ? ಮನೆಗೆ ಹೋಗೋ ಮುಂಚೆ ಫೋನ್ ಮಾಡಿ. ಬನ್ನಿ, ಪ್ರಾರ್ಥಿಸೋಣ.