ಮಂಡಿಗೆ ತಕ್ಕ ನೇಮ

ಹೋದ ವರ್ಷ ಚಳಿಗಾಲದಲ್ಲಿ ಮುಳಬಾಗಿಲಿನ ನಮ್ಮ ಮನೆಯ ನಡುಮನೆಯಲ್ಲಿ ದಿನಾ ಬೆಳಿಗ್ಗೆ ಆರಕ್ಕೆ ನಾನು ಎಗರುತ್ತಿದ್ದೆ. ಗೋಡೆಗೆ ಒರಗಿಸಿಟ್ಟ ಮೊಬೈಲಿನಲ್ಲಿ ತರಬೇತುದಾರನೊಬ್ಬ ನನಗಿಂತ ಎರಡು ಪಟ್ಟು ವೇಗವಾಗಿ ಎಗರುತ್ತಾ, ನಿಲ್ಲಿಸಬೇಡಿ ಎಂದು ಕೂಗುತ್ತಿದ್ದ. ಅದು 60 ದಿನಗಳ ಕಾರ್ಯಕ್ರಮ. ವಾರಕ್ಕೆ ಆರು ದಿನ, ದಿನಕ್ಕೆ 40 ನಿಮಿಷ. ಸಲಕರಣೆ ಏನೂ ಬೇಡ, ಚಾಪೆಯಗಲ ಜಾಗ ಇದ್ದರೆ ಸಾಕು. ಹತ್ತೊಂಬತ್ತನೆಯ ಪಾಠದ ದಿನ ನಾನೊಂದು ಬದಲಾವಣೆ ಮಾಡಿಕೊಂಡೆ. ಅವನು ಎಗರಿದ ಕಡೆಯಲ್ಲೆಲ್ಲ ನಾನು ಎಗರದೆ, ಒಂದೊಂದೇ ಕಾಲನ್ನು ಹಿಂದಕ್ಕಿಟ್ಟು ಮುಂದಕ್ಕೆ ತಂದೆ. ಮೈ ಹಗುರಾಯಿತು, ಮನಸ್ಸು ಮಾತ್ರ ಆಗಲಿಲ್ಲ. ಇದು ಮಾರ್ಪಾಡೋ, ನೆಪವೋ?

ನನ್ನ ಸಂಶೋಧನೆ ನೀತಿಶಾಸ್ತ್ರದ್ದು. ಮಹಾಪ್ರಬಂಧ ಬರೆದು ಮುಗಿಸಲೆಂದು ಹಾಸ್ಟೆಲ್ ಬಿಟ್ಟು ಊರಿಗೆ ಬಂದಿದ್ದೆ. ಐದು ವರ್ಷ ಕೂತು ಓದಿದ ಫಲವಾಗಿ ತೂಕ 81 ಕಿಲೋ ಆಗಿತ್ತು. ಖಾಲಿ ಹೊಟ್ಟೆಯ ಸಕ್ಕರೆ 114. ಅದು 100ರ ಒಳಗಿರಬೇಕು, 126 ಮುಟ್ಟಿದರೆ ಕಾಯಿಲೆ. ನಾನು ಗಡಿಯಲ್ಲಿದ್ದೆ. ಅಪ್ಪ ಆ ಗಡಿ ದಾಟಿ ಹೋದವರು, ಮತ್ತೆ ಬರಲಿಲ್ಲ. ವಡ್ಡಹಳ್ಳಿಯ ಟೊಮ್ಯಾಟೊ ಮಾರುಕಟ್ಟೆಯಲ್ಲಿ ಲೆಕ್ಕ ಬರೆಯುತ್ತಿದ್ದ ಅವರು ಪ್ರತಿ ತಿಂಗಳೂ 'ನಾಳೆಯಿಂದ ವಾಕಿಂಗ್' ಅನ್ನುತ್ತಿದ್ದರು. ಆ ನಾಳೆಯನ್ನು ನೋಡುತ್ತಲೇ ಬೆಳೆದವಳಿಗೆ ನೆಪದ ಗುರುತು ಚೆನ್ನಾಗಿ ಗೊತ್ತು ಅಂದುಕೊಂಡಿದ್ದೆ.

ಮೈದಾನ ಬಿಟ್ಟು ಮನೆಯಲ್ಲೇ ಯಾಕೆ ಅಂದರೆ, ನಮ್ಮ ಊರಿನಲ್ಲಿ ಇಪ್ಪತ್ತೆಂಟರ ಹುಡುಗಿ ಮೈದಾನದಲ್ಲಿ ಓಡಿದರೆ ಸಂಜೆಯೊಳಗೆ 'ಮದುವೆಗೆ ಇಳಿಸ್ತಾ ಇದಾಳೆ' ಎಂಬ ಸುದ್ದಿ ಮೂರು ಬೀದಿ ದಾಟಿರುತ್ತದೆ. ಹಾಗಾಗಿ ಬಾಗಿಲು ಹಾಕಿಕೊಂಡೆ. ಬಾಗಿಲು ಹಾಕಿಕೊಂಡ ಮೇಲೆ ನಿಯಮ ಮಾಡುವವಳೂ ನಾನೇ, ಪಾಲಿಸುವವಳೂ ನಾನೇ, ತೀರ್ಪು ಕೊಡುವವಳೂ ನಾನೇ. ಮುಂದಿನ ತೊಂದರೆಯೆಲ್ಲ ಹುಟ್ಟಿದ್ದು ಇಲ್ಲಿಂದ.

ಮೊದಲ ಹದಿನೆಂಟು ಪಾಠ ನಾನು ಕಟ್ಟುನಿಟ್ಟಾಗಿದ್ದೆ. ಹನ್ನೆರಡನೆಯ ದಿನ ಮಂಡಿಚಿಪ್ಪಿನ ಕೆಳಗೆ ನೋವು ಶುರುವಾಯಿತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳಬೇಕಾಯಿತು, ಕೆಳಗೆ ಕೂತು ಉಣ್ಣಲು ಆಗಲಿಲ್ಲ. ಕುರ್ಚಿಯಲ್ಲಿ ತಟ್ಟೆ ಹಿಡಿದು ಕೂತೆ.

"ಯಾಕೆ, ಕೆಳಗೆ ಕೂರಲ್ವಾ?" ಅಂದರು ಅಮ್ಮ.

"ಓದ್ತಾ ಓದ್ತಾ ಉಣ್ತೀನಮ್ಮ, ಟೈಮಿಲ್ಲ."

ಈಗ ಯೋಚಿಸಿದರೆ, ಈ ಇಡೀ ಪ್ರಸಂಗದಲ್ಲಿ ನಾನು ಹೇಳಿದ ಮೊದಲ ನೆಪ ವ್ಯಾಯಾಮ ತಪ್ಪಿಸಿಕೊಳ್ಳಲು ಹೇಳಿದ್ದಲ್ಲ, ವ್ಯಾಯಾಮ ತಪ್ಪಬಾರದೆಂದು ಹೇಳಿದ್ದು. ನಿಷ್ಠೆ ಎಂದು ನಾನು ತಿಳಿದದ್ದರೊಳಗೆ ಒಂದು ಸುಳ್ಳು ಸೇರಿಕೊಂಡಿತ್ತು. ಹದಿನೆಂಟನೆಯ ದಿನ ಮಂಡಿ ಊದಿತು. ಅಮ್ಮನ ಕಣ್ಣಿಗೆ ಬಿತ್ತು. ವೈದ್ಯರು ಒಂದು ವಾರ ಸುಮ್ಮನಿರಲು ಹೇಳಿದರು; ಆಮೇಲೂ ಎಗರುವುದು ಬೇಡ, ತೊಡೆಯ ಸ್ನಾಯು ಗಟ್ಟಿಯಾಗಲಿ ಅಂದರು. ಹತ್ತೊಂಬತ್ತನೆಯ ಪಾಠ ಎಂಟು ದಿನ ತಡವಾಗಿ ಬಂದದ್ದು ಹೀಗೆ.

ಆಗ ನೆನಪಾದದ್ದು ನಾನೇ ತರಗತಿಯಲ್ಲಿ ಪಾಠ ಮಾಡಿದ್ದ ಅರಿಸ್ಟಾಟಲ್. 'ನಿಕೊಮೇಕಿಯನ್ ಎಥಿಕ್ಸ್' ಕೃತಿಯ ಎರಡನೆಯ ಭಾಗದಲ್ಲಿ ಮಧ್ಯಮ ಮಾರ್ಗವನ್ನು ವಿವರಿಸುವಾಗ ಆತ ಕೊಡುವ ಉದಾಹರಣೆ ಗರಡಿಮನೆಯದು. ಒಬ್ಬನಿಗೆ ಹತ್ತು ಅಳತೆಯ ಆಹಾರ ಹೆಚ್ಚು, ಎರಡು ಅಳತೆ ಕಡಿಮೆ ಅಂದ ಮಾತ್ರಕ್ಕೆ ತರಬೇತುದಾರ ಎಲ್ಲರಿಗೂ ಆರು ಅಳತೆ ಬಡಿಸಿಬಿಡುವುದಿಲ್ಲ. ಮೈಲೋನಂಥ ಜಟ್ಟಿಗೆ ಆರು ಸಾಲದು, ಆಗಷ್ಟೇ ಸಾಮು ಶುರುಮಾಡಿದವನಿಗೆ ಆರು ಜಾಸ್ತಿ. ಲೆಕ್ಕದ ನಡುವೆ ಬೇರೆ, ನಮಗೆ ತಕ್ಕ ನಡುವೆ ಬೇರೆ. ಹಾಗಾದರೆ ನನ್ನ ಮಂಡಿಗೆ ತಕ್ಕ ಹಾಗೆ ಪಾಠ ಬದಲಿಸಿಕೊಳ್ಳುವುದು ರಿಯಾಯಿತಿಯಲ್ಲ, ಅದೇ ಸರಿಯಾದ ಪಾಠ.

ಇನ್ನೊಂದು ಸಮಾಧಾನವೂ ಸಿಕ್ಕಿತು. ಎಗರಾಟದ ಈ ಬಗೆಗೆ ಹೆಸರು ತಂದುಕೊಟ್ಟವರಲ್ಲಿ ಒಬ್ಬರು ಜಪಾನಿನ ಇಜುಮಿ ತಬಾತ. 20 ಸೆಕೆಂಡು ಶಕ್ತಿಮೀರಿ ದುಡಿ, 10 ಸೆಕೆಂಡು ನಿಲ್ಲು, ಏಳೆಂಟು ಸಲ ಹೀಗೆ ಮಾಡು ಎಂಬ ಅವರ ಪ್ರಯೋಗ ಪ್ರಕಟವಾದದ್ದು 1996ರಲ್ಲಿ. ಅದನ್ನು ಮಾಡಿದವರು ದೈಹಿಕ ಶಿಕ್ಷಣ ಓದುತ್ತಿದ್ದ ಯುವಕರು. ಮಾಡಿದ್ದು ನಿಂತಲ್ಲೇ ತುಳಿಯುವ ಸೈಕಲ್ ಮೇಲೆ. ಅಳೆದದ್ದು ಅವರ ದಮ್ಮನ್ನು, ಅವರು ಎಷ್ಟು ತೆಳ್ಳಗಾದರು ಎಂಬುದನ್ನಲ್ಲ. ಅದು ನೆಲದ ಮೇಲಿನ ಎಗರಾಟವಾಗಿ, ತೂಕ ಇಳಿಸುವ ಮಂತ್ರವಾಗಿ ನನ್ನ ಮೊಬೈಲಿಗೆ ಬರುವ ಹೊತ್ತಿಗೆ ಎಷ್ಟು ಜನರ ಕೈಯಲ್ಲಿ ಮಾರ್ಪಟ್ಟಿರಬಹುದು! ಮೂಲಪಾಠಕ್ಕೆ ದ್ರೋಹ ಮಾಡುತ್ತಿದ್ದೇನೆ ಎಂದು ನಾನು ಕೊರಗುತ್ತಿದ್ದೆ. ಆ ಮೂಲಪಾಠವೇ ಹತ್ತಾರು ಪಾಠಾಂತರಗಳಲ್ಲಿ ಒಂದಾಗಿತ್ತು.

ಅದರ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲರಿ ಇರುತ್ತದೆ. ನನ್ನ ತೂಕದವರು ಅರ್ಧ ಗಂಟೆ ಚೆನ್ನಾಗಿ ಬೆವರಿದರೆ ಖರ್ಚಾಗುವುದು ಹೆಚ್ಚೆಂದರೆ 300ರ ಆಸುಪಾಸು. ವಾರಕ್ಕೆ ಆರು ದಿನದಂತೆ ಒಂದು ತಿಂಗಳು ಬೆವರಿದರೂ ವ್ಯಾಯಾಮದಿಂದಲೇ ಇಳಿಯುವುದು ಒಂದು ಕಿಲೋ. ಅದನ್ನು ಅಷ್ಟೇ ಸಲೀಸಾಗಿ ವಾಪಸು ತರಲು ಎಣ್ಣೆ ತುಪ್ಪ ಹಾಕಿ ಕೆಂಪಗೆ ಹುಯ್ದ ಮುಳಬಾಗಿಲು ದೋಸೆ ಪಕ್ಕದ ಬೀದಿಯಲ್ಲೇ ಇದೆ. ಹಾಗಾಗಿ ಎಗರಾಟ ಕಡಿಮೆಯಾದರೆ ಪ್ರಪಂಚ ಮುಳುಗುವುದಿಲ್ಲ. ತಟ್ಟೆಯ ಕಡೆ ನೋಡಬೇಕು, ಮತ್ತು ಬಹಳ ದಿನ ನೋಡಬೇಕು.

ಇಷ್ಟೆಲ್ಲ ತರ್ಕ ಸರಿಯಾಗಿಯೇ ಇತ್ತು. ಆದರೆ ಮುಂದಿನ ಎರಡು ವಾರ ಆದದ್ದೇ ಬೇರೆ. 40 ನಿಮಿಷ 20 ಆಯಿತು, 20 ಹನ್ನೆರಡಾಯಿತು. ಮೋಡ ಕವಿದರೆ ಮಂಡಿ ನೆನಪಾಗುತ್ತಿತ್ತು. ಗೈಡಿಗೆ ಅಧ್ಯಾಯ ಕಳಿಸುವ ದಿನ ಬಂದರೆ ಬಸ್ಕಿ ತಾನಾಗಿ ಕೈಬಿಡುತ್ತಿತ್ತು. ಪ್ರತಿ ಸಲವೂ ಅರಿಸ್ಟಾಟಲ್ ನನ್ನ ಪರವಾಗಿ ವಕಾಲತ್ತು ವಹಿಸುತ್ತಿದ್ದ: ಇವತ್ತು ಇವಳಿಗೆ ತಕ್ಕದ್ದು ಇಷ್ಟೇ. ಹತ್ತೊಂಬತ್ತನೆಯ ದಿನದ ಮಾರ್ಪಾಡನ್ನು ಸಮರ್ಥಿಸಿದ ವಾಕ್ಯವೇ ಮೂವತ್ತನೆಯ ದಿನದ ಸೋಮಾರಿತನವನ್ನೂ ಸಮರ್ಥಿಸುತ್ತಿತ್ತು. ಒಳಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ವಿಟ್ಗೆನ್‌ಸ್ಟೈನ್ ಸತ್ತ ಮೇಲೆ 1953ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಇದೇ ಸಂಗತಿ ಬರುತ್ತದೆ. ನಿಯಮ ಪಾಲಿಸುತ್ತಿದ್ದೇನೆ ಎಂದುಕೊಳ್ಳುವುದು ಬೇರೆ, ಪಾಲಿಸುವುದು ಬೇರೆ. ಒಬ್ಬರೇ ಗುಟ್ಟಾಗಿ ಪಾಲಿಸುವ ನಿಯಮದಲ್ಲಿ ಈ ಎರಡರ ನಡುವಿನ ಗೆರೆ ಅಳಿಸಿಹೋಗುತ್ತದೆ. ಓದಿದಾಗ ಅದು ಭಾಷೆಯ ಕುರಿತ ವಾದವಾಗಿತ್ತು. ಈಗ ಚಾಪೆಯ ಕುರಿತೂ ಆಯಿತು.

ಈ ಹೊತ್ತಿನಲ್ಲಿ ನನಗೆ ಕೆ.ವಿ. ಅಯ್ಯರ್ ನೆನಪಾದರು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಲೇಖಕರೆಂದು, ಕೈಲಾಸಂ ಅವರ ಆಪ್ತರೆಂದು ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲ ಇವರು ಹುಟ್ಟಿದ್ದು ನಮ್ಮ ತಾಲ್ಲೂಕಿನ ದೇವರಾಯಸಮುದ್ರದಲ್ಲಿ. ಅವರ ಕಸುಬು ಅಂಗಸಾಧನೆ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದರು. 1930ರಲ್ಲಿ 'ಮಸಲ್ ಕಲ್ಟ್', 1936ರಲ್ಲಿ 'ಪರ್ಫೆಕ್ಟ್ ಫಿಸಿಕ್' ಎಂಬ ಇಂಗ್ಲಿಷ್ ಪುಸ್ತಕಗಳನ್ನು ಬರೆದರು. ಪಶ್ಚಿಮದ ಭಾರ ಎತ್ತುವ ಸಾಧನೆಯ ಜೊತೆಗೆ ನಮ್ಮ ಸೂರ್ಯನಮಸ್ಕಾರವನ್ನೂ ಕಲಿಸಿದರು. ಇದಕ್ಕಿಂತ ನನಗೆ ಮುಖ್ಯವಾದದ್ದು, ಅವರು ಅಂಚೆಯ ಮೂಲಕವೂ ವ್ಯಾಯಾಮ ಕಲಿಸುತ್ತಿದ್ದರು ಎಂಬುದು. ಗರಡಿಗೆ ಬರಲಾಗದವರು ದೂರದ ಊರಿನ ತಮ್ಮ ಕೋಣೆಯಲ್ಲೇ ಮಾಡಬೇಕು. ನನ್ನ ಹಾಗೆಯೇ.

ಆ ಶಿಷ್ಯರ ಕಾಗದಗಳಲ್ಲಿ ಏನಿರುತ್ತಿತ್ತೋ ಎಂದು ಊಹಿಸಿಕೊಳ್ಳುತ್ತೇನೆ. ಎದೆ ಇಷ್ಟು, ಸೊಂಟ ಇಷ್ಟು. ಭುಜ ನೋಯುತ್ತದೆ, ಈ ದಂಡೆಯನ್ನು ಬಿಡಬಹುದೇ? ಕೇಳುವವನು ಕೂತು ಬರೆಯಬೇಕು, ಬರೆಯುವಾಗ ಇನ್ನೊಬ್ಬರು ಓದುತ್ತಾರೆ ಎಂಬ ಅರಿವಿರುತ್ತದೆ. 'ಮೋಡ ಕವಿದಿದೆ, ಬಿಡಲೇ?' ಎಂದು ಯಾರೂ ಅಂಚೆ ಖರ್ಚು ಮಾಡಿ ಬರೆಯಲಾರರು. ನನ್ನ ಮೊಬೈಲಿನ ತರಬೇತುದಾರ ದಿನಾ ಕೂಗುತ್ತಾನೆ, ಆದರೆ ಅವನಿಗೆ ನಾನು ಏನನ್ನೂ ಹೇಳಬೇಕಾಗಿಲ್ಲ.

ಅಜ್ಜಿಗೆ ಇದು ಯಾರೂ ಹೇಳಿಕೊಡದೆ ಗೊತ್ತಿತ್ತು. ನಲವತ್ತು ವರ್ಷ ಶನಿವಾರ ಒಪ್ಪೊತ್ತು ಮಾಡಿದವರು ಅವರು, ಊರ ಆಂಜನೇಯನ ಹೆಸರಿನಲ್ಲಿ. ಸಕ್ಕರೆ ಮಾತ್ರೆ ಶುರುವಾದಾಗ ವೈದ್ಯರು ರಾತ್ರಿ ಖಾಲಿ ಹೊಟ್ಟೆ ಬೇಡ ಅಂದರು. ಅಜ್ಜಿ ಶುಕ್ರವಾರ ಸಂಜೆಯೇ ನನ್ನ ಕೈ ಹಿಡಿದುಕೊಂಡು ಗುಡಿಗೆ ಹೋದರು. ಗರ್ಭಗುಡಿಯ ಮುಂದೆ ನಿಂತು, ಪಕ್ಕದವರಿಗೂ ಕೇಳಿಸುವ ಹಾಗೆ ಹೇಳಿದರು: "ನಾಳೆಯಿಂದ ರಾತ್ರಿಗೆ ಎರಡು ಇಡ್ಲಿ ತಿಂತೀನಪ್ಪ. ಅನ್ನ ಮುಟ್ಟಲ್ಲ. ಹೇಳಿದೀನಿ, ಆಮೇಲೆ ಕೇಳಬೇಡ." ಆಗ ನನಗೆ ನಗು ಬಂದಿತ್ತು. ಅದೇ ಮನೆಯಲ್ಲಿ ಒಪ್ಪೊತ್ತಿನ ದಿನವೇ ಅವಲಕ್ಕಿ, ಉಪ್ಪಿಟ್ಟು, ಸಜ್ಜಿಗೆ ಎಂದು ಮೂರು ಬಗೆ ತಿಂಡಿ ಮಾಡಿಕೊಂಡು, ಅನ್ನ ಮುಟ್ಟಲಿಲ್ಲವಲ್ಲ ಅನ್ನುವವರೂ ಇದ್ದರು. ಇಬ್ಬರೂ ನೇಮವನ್ನು ಬದಲಿಸಿದವರೇ.

ವ್ಯತ್ಯಾಸ ಎಲ್ಲಿದೆ? ಅಜ್ಜಿ ಹಸಿವಾಗುವ ಮುಂಚೆ, ಹಿಂದಿನ ದಿನವೇ ಬದಲಿಸಿದರು. ಬದಲಿಸಿದ್ದನ್ನು ಬಾಯಿಬಿಟ್ಟು ಹೇಳಿದರು. ಎರಡು ಇಡ್ಲಿ ಎಂದು ಎಣಿಸಿ ಹೇಳಿದರು, ಅಂದರೆ ಮೂರನೆಯದು ತಿಂದರೆ ತಪ್ಪಾಗುವಂತೆ. ಮಾರ್ಪಾಡು ಎಂದರೆ ಹೊಸ ನೇಮ. ಅದನ್ನೂ ಮುರಿಯಲು ಸಾಧ್ಯ. ನೆಪವನ್ನು ಮುರಿಯಲು ಸಾಧ್ಯವಿಲ್ಲ, ಯಾಕೆಂದರೆ ಅದು ನಾಳೆಗೆ ಏನನ್ನೂ ವಿಧಿಸುವುದಿಲ್ಲ. ಹತ್ತೊಂಬತ್ತನೆಯ ದಿನ ನಾನು ಬಿಟ್ಟದ್ದು ತಪ್ಪಲ್ಲ. ಬಿಟ್ಟ ಜಾಗದಲ್ಲಿ ಇನ್ನೊಂದನ್ನು ಎಣಿಸಿ ಇಡಲಿಲ್ಲ, ಯಾರಿಗೂ ಹೇಳಲಿಲ್ಲ. ತಪ್ಪು ಅಲ್ಲಿತ್ತು.

ಆಂಜನೇಯನಿಗೆ ಹೇಳುವಷ್ಟು ಭಕ್ತಿ ನನ್ನಲ್ಲಿಲ್ಲ. ಆದರೆ ಮನೆಯಲ್ಲಿ ಅಮ್ಮನ ಹಾಲಿನ ಲೆಕ್ಕದ ಪುಸ್ತಕ ಇತ್ತು. ಎರಡು ಹಸುಗಳ ಹಾಲು ಬೆಳಿಗ್ಗೆ ಸಂಜೆ ಡೇರಿಗೆ ಹೋಗುತ್ತದೆ. ಎಷ್ಟು ಲೀಟರು, ಫ್ಯಾಟ್ ಎಷ್ಟು ಎಂದು ಅಮ್ಮ ತಾನೂ ಬರೆದಿಟ್ಟುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಫ್ಯಾಟ್ ಜಾಸ್ತಿಯಾದರೆ ಸಂತೋಷಪಡುವ ಏಕೈಕ ಪುಸ್ತಕ ಅದು. ಅದರ ಹಿಂದಿನ ಹಾಳೆಗಳಲ್ಲಿ ನನ್ನ ಹೊಸ ಪಾಠ ಬರೆದೆ: 25 ನಿಮಿಷ. ಎಗರಾಟ ಇಲ್ಲ. ಕುರ್ಚಿ ಮುಟ್ಟಿ ಏಳುವ ಬಸ್ಕಿ 12ರಂತೆ ಮೂರು ಸಲ. ಗೋಡೆಗೆ ಕೈಕೊಟ್ಟು ದಂಡೆ. ಮೆಟ್ಟಿಲು ಹತ್ತಿಳಿಯುವುದು ಐದು ನಿಮಿಷ. ರಾತ್ರಿ ಒಂದೇ ಮುದ್ದೆ, ಸೊಪ್ಪಿನ ಸಾರು. ದೋಸೆ ಭಾನುವಾರ. ಬದಲಾವಣೆ ಏನಿದ್ದರೂ ಭಾನುವಾರ ಸಂಜೆ, ಅಮ್ಮನ ಮುಂದೆ. ನಡುವೆ ಇಲ್ಲ. ಮಂಡಿ ನೋವಿಗೆ ಮಾತ್ರ ಈ ಕಟ್ಟು ಇಲ್ಲ. ನೋವು ಬಂದರೆ ಅವತ್ತೇ ಹೇಳಬೇಕು.

ಅಮ್ಮ ಓದಿ, "ಡೇರಿಯವರಿಗಿಂತ ಜಾಸ್ತಿ ಕಾನೂನು ಮಾಡಿದೀಯ" ಅಂದರು.

ಇದರಲ್ಲಿ ಒಂದು ಅಪಾಯವಿದೆ, ಅದನ್ನು ಅಯ್ಯರ್ ಅವರ 'ರೂಪದರ್ಶಿ'ಯೇ ನನಗೆ ತೋರಿಸಿತು. ದೈವಿಕ ಸೌಂದರ್ಯಕ್ಕೆ ಮಾದರಿಯಾಗಿದ್ದ ಮಗುವೇ ವರ್ಷಗಳ ನಂತರ ದುಷ್ಟತನಕ್ಕೂ ಮಾದರಿಯಾಗಿ ಕಲಾವಿದನ ಮುಂದೆ ನಿಲ್ಲುವ ಕತೆ ಅದು. ಮೈ ಎಂದರೆ ಬಾಳಿನ ಬರಹ ಎಂಬ ನಂಬಿಕೆ ಅದರ ಹಿಂದಿದೆ. ಕತೆಯಾಗಿ ಅದು ಮನಸ್ಸು ಕಲಕುತ್ತದೆ. ಆದರೆ ಬೀದಿಯಲ್ಲಿ ದಪ್ಪಗಿರುವವರನ್ನು ನೋಡುವ ಕಣ್ಣಾಗಿ ಅದು ಬಹಳ ಕ್ರೂರ. ಅಪ್ಪನನ್ನು ನಾನು ಆ ಕಣ್ಣಿನಿಂದ ನೋಡಿದ್ದೆ. ಬೆಳಗಿನ ಜಾವ ಮೂರಕ್ಕೆ ಎದ್ದು, ಲಾರಿಗಳ ನಡುವೆ ನಿಂತು, ಸಿಕ್ಕ ಹೊತ್ತಿಗೆ ಸಿಕ್ಕದ್ದನ್ನು ತಿಂದ ಮನುಷ್ಯ ಅವರು. 'ನಾಳೆಯಿಂದ' ಅಂದಾಗ ಎಲ್ಲ ಸಲವೂ ಅವರು ಸೋಮಾರಿಯಾಗಿರಲಿಲ್ಲ. ಎಷ್ಟೋ ಸಲ ಅವರಿಗೆ ಇವತ್ತು ಎಂಬುದೇ ಇರಲಿಲ್ಲ. ನನ್ನ ನೆಪಗಳನ್ನು ನಾನು ತೂಗಬಲ್ಲೆ, ಯಾಕೆಂದರೆ ಅವು ನನ್ನವು. ಇನ್ನೊಬ್ಬರ ಮೈ ನೋಡಿ ಅವರ ನೆಪಗಳನ್ನು ಲೆಕ್ಕಹಾಕುವ ಅಧಿಕಾರ ನನಗಿಲ್ಲ.

60 ದಿನಗಳ ಕಾರ್ಯಕ್ರಮ ನನಗೆ ಐದು ತಿಂಗಳು ಹಿಡಿಯಿತು. ತೂಕ 75ಕ್ಕೆ ಬಂತು. ಸಕ್ಕರೆ 103, ಇನ್ನೂ ಗಡಿಯಲ್ಲೇ, ಆದರೆ ಈಚೆ ದಡಕ್ಕೆ ಹತ್ತಿರ. ಕೆಳಗೆ ಕೂತು ಉಣ್ಣುತ್ತೇನೆ. ಪುಸ್ತಕದ ಹಿಂದಿನ ಹಾಳೆಗಳು ಈಗ ಮುಂದಿನ ಹಾಳೆಗಳನ್ನು ಮುಟ್ಟಲು ಬಂದಿವೆ.

ಹೋದ ವಾರ ಒಂದು ದಿನ ಎದ್ದು ಚಾಪೆ ಹಾಸಿ, ಅದರ ಮೇಲೇ ಮಲಗಿಬಿಟ್ಟೆ. ಮಂಡಿ ಸರಿಯಿತ್ತು, ಅಧ್ಯಾಯ ಯಾವುದೂ ಬಾಕಿ ಇರಲಿಲ್ಲ. ಅಮ್ಮ ಡೇರಿಯಿಂದ ಬಂದು ಹಾಲಿನ ಲೆಕ್ಕ ಬರೆಯುತ್ತಾ, "ನಿಂದು ಏನಂತ ಬರೀಲಿ? ಮಂಡಿ ನೋವಾ?" ಅಂದರು. ಹೌದು ಅನ್ನಬಹುದಿತ್ತು. ಅಮ್ಮ ನಂಬುತ್ತಿದ್ದರು.

"ಮಾಡಲಿಲ್ಲ ಅಂತ ಬರಿ" ಅಂದೆ.

"ಕಾರಣ?"

"ಕಾರಣ ಬೇಡ ಬಿಡಮ್ಮ. ಮಾಡಲಿಲ್ಲ, ಅಷ್ಟೇ."

ಅಮ್ಮ ಅಷ್ಟೇ ಬರೆದು, ಪುಸ್ತಕ ಮುಚ್ಚಿ, ಹಸುಗಳಿಗೆ ನೀರಿಡಲು ಹೋದರು.