ಅಪಾಯದ ಕೆಲಸ ಮತ್ತು ಕರ್ತವ್ಯದ ಪ್ರಶ್ನೆ

ಉದ್ಯಾನ, ಶಾಲೆಯ ಮೈದಾನ, ಆಸ್ಪತ್ರೆಯ ಆವರಣ, ಕಾರ್ಖಾನೆಯ ಹುಲ್ಲುಹಾಸು ನೋಡಿಕೊಳ್ಳುವ ಕೆಲಸಗಾರನಿಗೆ ಮೇಲಿನವರು ಒಪ್ಪಿಸಿದ ಕೆಲಸ ಅಪಾಯದ್ದೆಂದು ಕಂಡರೆ ಆತ ಏನು ಮಾಡಬೇಕು? ಹೇಳಿದ್ದನ್ನು ಮಾಡಿ ಮುಗಿಸುವುದು ಕರ್ತವ್ಯವೋ, ಒಲ್ಲೆ ಎನ್ನುವುದು ಕರ್ತವ್ಯವೋ? ಕಾರ್ಮಿಕ ಕಾನೂನಿನ ಮಾತಿನಂತೆ ಕಾಣುವ ಈ ಪ್ರಶ್ನೆಯೊಳಗೆ ಧರ್ಮಗಳು ಬಹುಕಾಲದಿಂದ ಚರ್ಚಿಸಿದ ಸಂಗತಿಗಳಿವೆ: ದುಡಿಮೆ ಯಾರಿಗೆ ಸಲ್ಲಬೇಕು, ದೇಹವನ್ನು ಎಲ್ಲಿಯವರೆಗೆ ದಂಡಿಸಬಹುದು, ಆದ ಕೇಡಿಗೆ ಹೊಣೆ ಯಾರು.

ತೋಟದ ಕೆಲಸ ನೋಡುವವರ ಕಣ್ಣಿಗೆ ತಂಪಾಗಿರುವುದರಿಂದ ಅದರ ಅಪಾಯ ಬೇಗ ಕಾಣುವುದಿಲ್ಲ. ಪೆಟ್ರೋಲಿನಿಂದ ಓಡುವ ಹುಲ್ಲು ಕತ್ತರಿಸುವ ಯಂತ್ರದ ಅಲಗು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಹುಲ್ಲಿನೊಳಗೆ ಅಡಗಿದ ಒಂದು ಸಣ್ಣ ಕಲ್ಲು ಅದಕ್ಕೆ ಸಿಕ್ಕಿ ಚಿಮ್ಮಿದರೆ ಕಣ್ಣೇ ಹೋಗಬಹುದು. ಅದಕ್ಕೆಂದೇ ಇಂಥ ಯಂತ್ರಗಳ ಕೈಪಿಡಿಗಳು ಸುತ್ತ 15 ಮೀಟರ್ ಒಳಗೆ ಬೇರೆ ಯಾರೂ ಇರಕೂಡದು ಎನ್ನುತ್ತವೆ. ದಿನವಿಡೀ ಅದನ್ನು ಹಿಡಿದ ಕೈಗೆ ಜೋಮು ಹಿಡಿಯುತ್ತದೆ, ಕಿವಿ ಮಂದವಾಗುತ್ತದೆ. ಮಳೆಗಾಲಕ್ಕೆ ಮೊದಲು ಕೊಂಬೆ ಕಡಿಯಲು ಮರ ಹತ್ತುವವನ ಪಕ್ಕದಲ್ಲೇ ವಿದ್ಯುತ್ ತಂತಿ ಹಾದುಹೋಗಿರುತ್ತದೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಹೊಡೆಯುವಾಗ ಗಾಳಿ ತಿರುಗಿದರೆ ಹನಿಗಳೆಲ್ಲ ಮೈಮೇಲೆಯೇ ಬರುತ್ತವೆ. ಭಾರತದಲ್ಲಿ ಮಾರುವ ಕೀಟನಾಶಕದ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ ಅಥವಾ ಹಸಿರು ತ್ರಿಕೋನ ಇರಬೇಕೆಂದು 1971ರ ನಿಯಮಗಳು ಹೇಳುತ್ತವೆ. ಕೆಂಪು ಅತಿ ಘೋರ ವಿಷ, ಹಸಿರು ಕಡಿಮೆ ವಿಷ. ಆದರೆ ಡಬ್ಬಿ ತೆರೆಯುವವನೊಬ್ಬ, ಹೊಡೆಯುವವನು ಇನ್ನೊಬ್ಬ ಆದಾಗ ಆ ಬಣ್ಣ ಹೊಡೆಯುವವನ ಕಣ್ಣಿಗೆ ಬೀಳುವುದೇ ಇಲ್ಲ.

ಜಗಳ ಹುಟ್ಟುವುದು ಇಲ್ಲಿಯೇ. ನಾಳೆ ಸಮಾರಂಭವಿದೆ, ಇವತ್ತೇ ಮುಗಿಯಬೇಕು ಎನ್ನುತ್ತಾನೆ ಸೂಪರ್‌ವೈಸರ್. ಕೈಗವಸು, ಕನ್ನಡಕ ಬಂದಿಲ್ಲ ಎನ್ನುತ್ತಾನೆ ಕೆಲಸಗಾರ. ಇಷ್ಟು ವರ್ಷ ಬರಿಗೈಯಲ್ಲೇ ಮಾಡಿದ್ದೇವಲ್ಲ, ಏನಾಯಿತು ಎಂದು ಹಳಬನೊಬ್ಬ ನಡುವೆ ಬಾಯಿ ಹಾಕುತ್ತಾನೆ. ಗುತ್ತಿಗೆಯ ಮೇಲಿರುವವನು ಒಲ್ಲೆ ಎಂದರೆ ಮರುದಿನದಿಂದ ಬರಬೇಡ ಎನಿಸಿಕೊಳ್ಳಬಹುದು. ಇದಕ್ಕಿಂತ ತೊಡಕಿನ ಸಂಗತಿ ಮತ್ತೊಂದಿದೆ. ಒಬ್ಬ ಒಲ್ಲೆ ಎಂದ ಕೂಡಲೇ ಆ ಪಂಪು ಪಕ್ಕದವನ ಬೆನ್ನೇರುತ್ತದೆ. ನಿರಾಕರಿಸಿದವನು ತನ್ನ ದೇಹ ಉಳಿಸಿಕೊಂಡ. ಅಪಾಯ ಮಾತ್ರ ಅಲ್ಲೇ ಉಳಿಯಿತು. ಸಹೋದ್ಯೋಗಿಗಳ ನಡುವಿನ ಮುನಿಸು ಎಷ್ಟೋ ಸಲ ಈ ಕಾರಣದ್ದು.

ಅಮೆರಿಕದ ಕ್ಯಾಲಿಫೋರ್ನಿಯಾದ ಬೆನಿಷಿಯಾ ಊರಿನ ಪ್ರಕರಣ ಈ ಪ್ರಶ್ನೆಯನ್ನು ಜಗತ್ತಿನ ಮುಂದಿಟ್ಟಿತು. ಅಲ್ಲಿನ ಶಾಲೆಗಳ ಮೈದಾನ ನೋಡಿಕೊಳ್ಳುತ್ತಿದ್ದ ಡ್ವೇನ್ ಜಾನ್ಸನ್ ಗ್ಲೈಫೋಸೇಟ್ ಇರುವ ಕಳೆನಾಶಕ ಹೊಡೆಯುತ್ತಿದ್ದರು. ಒಮ್ಮೆ ಉಪಕರಣ ಕೆಟ್ಟು ಮೈಯೆಲ್ಲ ಅದರಲ್ಲಿ ತೊಯ್ದಿತ್ತು. 2014ರಲ್ಲಿ ಅವರಿಗೆ ದುಗ್ಧರಸ ಗ್ರಂಥಿಗಳಿಗೆ ಸಂಬಂಧಿಸಿದ ಒಂದು ಬಗೆಯ ಕ್ಯಾನ್ಸರ್ ಇರುವುದು ತಿಳಿಯಿತು. ಇದಕ್ಕೂ ಕಳೆನಾಶಕಕ್ಕೂ ಸಂಬಂಧವಿದೆಯೇ ಎಂದು ಅವರು ತಯಾರಕ ಕಂಪನಿ ಮಾನ್ಸಾಂಟೊಗೆ ಫೋನ್ ಮಾಡಿ ಕೇಳಿದ್ದ ಸಂಗತಿಯೂ ವಿಚಾರಣೆಯಲ್ಲಿ ಬಂತು. 2018ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ತೀರ್ಪುಗಾರರು 28.9 ಕೋಟಿ ಡಾಲರ್ ಪರಿಹಾರ ವಿಧಿಸಿದರು. ಮೇಲ್ಮನವಿಯ ಬಳಿಕ 2020ರಲ್ಲಿ ಅದು ಸುಮಾರು 2 ಕೋಟಿ ಡಾಲರಿಗೆ ಇಳಿಯಿತು. ವಿಜ್ಞಾನದ ವಿವಾದ ಮುಗಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಗ್ಲೈಫೋಸೇಟನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಗುಂಪಿಗೆ ಸೇರಿಸಿತು, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅದನ್ನು ಒಪ್ಪಲಿಲ್ಲ. ನೈತಿಕ ದೃಷ್ಟಿಯಿಂದ ಮುಖ್ಯವಾದದ್ದು ಬೇರೆ. ತೀರ್ಪುಗಾರರು ಎಣಿಸಿದ ತಪ್ಪುಗಳಲ್ಲಿ ಒಂದು, ಎಚ್ಚರಿಸದೆ ಇದ್ದದ್ದು. ಮಕ್ಕಳು ಓಡಾಡುವ ಜಾಗದಲ್ಲಿ ಇಂಥದ್ದೆಂದು ತಿಳಿದಿದ್ದರೆ ತಾನು ಹೊಡೆಯುತ್ತಲೇ ಇರಲಿಲ್ಲ ಎಂದು ಜಾನ್ಸನ್ ನ್ಯಾಯಾಲಯದಲ್ಲಿ ಹೇಳಿದರು. ಅಪಾಯದ ಅರಿವನ್ನು ಮುಚ್ಚಿಟ್ಟವರು ಆ ಮನುಷ್ಯನಿಂದ ಒಲ್ಲೆ ಎನ್ನುವ ಅವಕಾಶವನ್ನೇ ಕಿತ್ತುಕೊಂಡಿದ್ದರು.

ಭಾರತದಲ್ಲಿ ಇಂಥ ಸಂದರ್ಭದಲ್ಲಿ ಮೊದಲು ಕೇಳಿಬರುವುದು ಭಗವದ್ಗೀತೆಯ ಹೆಸರು. ಫಲವನ್ನು ನೋಡದೆ ನಿನ್ನ ಕೆಲಸ ಮಾಡು ಎಂಬ ಬೋಧನೆಯನ್ನು, ಪ್ರಶ್ನೆ ಕೇಳದೆ ದುಡಿ ಎಂಬ ಆಜ್ಞೆಯನ್ನಾಗಿ ಓದುವುದು ಸುಲಭ. ಆದರೆ ಅದೇ ಗ್ರಂಥದ ಹದಿನೆಂಟನೆಯ ಅಧ್ಯಾಯ ಕರ್ಮವನ್ನು ಮೂರು ಬಗೆಯಾಗಿ ವಿಂಗಡಿಸುವಾಗ, ಮುಂದಾಗುವ ಪರಿಣಾಮ, ನಷ್ಟ, ಹಿಂಸೆ, ತನ್ನ ಶಕ್ತಿ ಇವನ್ನು ಲೆಕ್ಕಿಸದೆ ಮೋಹದಿಂದ ಆರಂಭಿಸಿದ ಕೆಲಸವನ್ನು ತಾಮಸ ಎನ್ನುತ್ತದೆ. ಹದಿನೇಳನೆಯ ಅಧ್ಯಾಯ ದೇಹವನ್ನು ವಿವೇಕವಿಲ್ಲದೆ ಬಾಧಿಸುವ ತಪಸ್ಸನ್ನೂ ಆಸುರೀ ಎಂದು ತಳ್ಳಿಹಾಕುತ್ತದೆ. ಫಲದ ಆಸೆ ಬಿಡುವುದು ಬೇರೆ, ಪರಿಣಾಮದ ಕಡೆ ಕಣ್ಣು ಮುಚ್ಚುವುದು ಬೇರೆ. ಅವೆರಡನ್ನೂ ಒಂದು ಮಾಡಿದಾಗ ಲಾಭ ಕೆಲಸ ಮಾಡಿಸುವವನದೇ ಆಗುತ್ತದೆ.

ಹನ್ನೆರಡನೆಯ ಶತಮಾನದ ಶರಣರ ಕಾಯಕ ತತ್ತ್ವವನ್ನೂ ಹೀಗೆಯೇ ಬಾಗಿಸಲಾಗಿದೆ. ದುಡಿಮೆಯೇ ಪೂಜೆ ಎಂದ ಮೇಲೆ ದುಡಿಮೆಯಲ್ಲಿ ತಕರಾರು ಎಂಥದ್ದು ಎಂಬ ಮಾತು ಕಚೇರಿಗಳಲ್ಲಿ ಕೇಳುತ್ತಲೇ ಇರುತ್ತದೆ. ಶರಣರ ಕಥೆಗಳು ಅದಕ್ಕೆ ಒಪ್ಪುವುದಿಲ್ಲ. ನುಲಿಯ ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುತ್ತಿದ್ದವರು. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ಬಿದ್ದರೂ ಅವರು ಕೆಲಸ ನಿಲ್ಲಿಸಲಿಲ್ಲ, ಕೊನೆಗೆ ಲಿಂಗವನ್ನೇ ಕಾಯಕಕ್ಕೆ ಹಚ್ಚಿದರು ಎಂದು ಕಥೆ. ದೇವರಿಗೂ ವಿನಾಯಿತಿ ಕೊಡದ ಕಾಯಕದಲ್ಲಿ ಮಾಡಿಸುವವನಿಗೆ ಮೇಲಿನ ಪೀಠ ಇರಲು ಸಾಧ್ಯವಿಲ್ಲ. ಆಯ್ದಕ್ಕಿ ಮಾರಯ್ಯ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಅಡುಗೆಗೆ ಎತ್ತಿಕೊಳ್ಳದೆ ಹಿಂದಕ್ಕೆ ಕಳಿಸಿದರು. ಮಾರಯ್ಯ ಮರಳಿ ಒಯ್ದು ಸುರಿದರು. ಜೊತೆಯಲ್ಲಿ ದುಡಿಯುವವಳು ತಪ್ಪು ಕಂಡು ಹೇಳಿದಳು, ಗಂಡ ಕೇಳಿದ. ಈ ಪ್ರಸಂಗವನ್ನು ಆಸೆಯ ವಿಷಯವಾಗಿ ಮಾತ್ರ ಓದುವುದು ರೂಢಿ. ತಪ್ಪು ಕಂಡರೆ ತಡೆದು ಹೇಳುವುದು ಕಾಯಕದ ಒಳಗಿನದೇ ಎಂಬುದೂ ಇದರಲ್ಲಿದೆ. ದೇಹವನ್ನೇ ದೇಗುಲವೆಂದು ಕಂಡ ಪಂಥ, ಆ ದೇಹ ಸಮಾರಂಭವೊಂದರ ಹುಲ್ಲುಹಾಸಿಗಾಗಿ ಹಾಳಾಗಲಿ ಎಂದೀತೆ?

ಹೊಣೆಯ ವಿಷಯಕ್ಕೆ ಬಂದರೆ ಬೌದ್ಧ ಮತ್ತು ಜೈನ ಪರಂಪರೆಗಳು ಒಂದು ಹೆಜ್ಜೆ ಹಿಂದಕ್ಕೆ ಹೋಗಿ ನೋಡಿದವು. ಉಪಾಸಕರು ಮಾಡಬಾರದೆಂದು ಬುದ್ಧ ಹೇಳಿದ ಐದು ವ್ಯಾಪಾರಗಳಲ್ಲಿ ವಿಷದ ಮಾರಾಟ ಒಂದು. ಜೈನ ಶ್ರಾವಕರಿಗೆ ನಿಷಿದ್ಧವಾದ ಹದಿನೈದು ಕಸುಬುಗಳಲ್ಲೂ ವಿಷವಾಣಿಜ್ಯ ಸೇರಿದೆ. ಬಳಸುವವನ ಕೈ ನೋಡುವ ಮೊದಲು ಮಾರುವವನ ಕೈ ನೋಡಬೇಕೆಂಬ ಈ ಎಣಿಕೆ ಬಹಳ ದೊಡ್ಡದು.

ಯಹೂದಿ ಧರ್ಮಶಾಸ್ತ್ರದ ವಿವರಣೆ ಇನ್ನೂ ಖಚಿತ. ಹೊಸ ಮನೆ ಕಟ್ಟುವವನು ಮಾಳಿಗೆಗೆ ಕೈಪಿಡಿಗೋಡೆ ಕಟ್ಟಬೇಕು, ಯಾರಾದರೂ ಬಿದ್ದರೆ ರಕ್ತದ ಹೊಣೆ ಆ ಮನೆಗೆ ಎನ್ನುತ್ತದೆ ಧರ್ಮೋಪದೇಶಕಾಂಡ. ಹಾಯುವ ಎತ್ತಿನ ವಿಷಯದಲ್ಲಿ ವಿಮೋಚನಕಾಂಡ ಒಂದು ಭೇದ ಮಾಡುತ್ತದೆ: ಎತ್ತು ಹಾಯ್ದು ಕೊಂದರೆ ಯಜಮಾನ ನಿರಪರಾಧಿ. ಆದರೆ ಅದು ಹಾಯುತ್ತದೆಂದು ಮೊದಲೇ ಹೇಳಿದ್ದೂ ಆತ ಕಟ್ಟಿಹಾಕದಿದ್ದರೆ ಅಪರಾಧಿ. ಎಚ್ಚರಿಕೆಯ ಮಾತು ಇಲ್ಲಿ ಬರಿಯ ಮಾತಾಗಿ ಉಳಿಯುವುದಿಲ್ಲ. ಹೊಣೆಯನ್ನು ಹೇಳಿದವನಿಂದ ಕೇಳಿದವನಿಗೆ ದಾಟಿಸುತ್ತದೆ. ಕೊಂಬೆಯ ಪಕ್ಕ ಕರೆಂಟಿನ ತಂತಿ ಇದೆ ಎಂದು ಕೆಲಸಗಾರ ಹೇಳಿದ ಗಳಿಗೆಯಿಂದ ಸೂಪರ್‌ವೈಸರ್ ಆ ಯಜಮಾನನ ಜಾಗದಲ್ಲಿ ನಿಂತಿರುತ್ತಾನೆ. ಅಪಾಯ ಹೇಳುವವನ ಬಾಯಿ ಮುಚ್ಚಿಸುವ ಅವಸರ ಕೆಲವರಿಗೆ ಏಕಿರುತ್ತದೆ ಎಂಬುದಕ್ಕೂ ಇದೇ ಉತ್ತರ.

ಅನಾಹುತ ಆದ ಮೇಲೆ ಹಣೆಬರಹ ಎನ್ನುವವರುಂಟು. ಸಂಕಟದಲ್ಲಿರುವವನಿಗೆ ಆ ಮಾತು ಸಮಾಧಾನ ಕೊಡಬಹುದು. ಬೇರೆಯವರು ಅದನ್ನು ಆಡಿದರೆ ಅದು ತಪ್ಪಿಸಿಕೊಳ್ಳುವ ಹಾದಿ. ಸಂಯುತ್ತ ನಿಕಾಯದಲ್ಲಿ ಸೀವಕನೆಂಬ ಪರಿವ್ರಾಜಕ, ಅನುಭವಿಸುವುದೆಲ್ಲ ಪೂರ್ವಕರ್ಮದಿಂದಲೇ ಎಂಬ ವಾದದ ಬಗ್ಗೆ ಬುದ್ಧನನ್ನು ಕೇಳುತ್ತಾನೆ. ಬುದ್ಧ ಅದನ್ನು ಒಪ್ಪದೆ ಪಿತ್ತ, ಕಫ, ವಾತ, ಅವುಗಳ ಸೇರಿಕೆ, ಋತುವಿನ ಬದಲಾವಣೆ, ಸರಿಯಾಗಿ ನೋಡಿಕೊಳ್ಳದೆ ಇರುವುದು, ಹೊರಗಿನಿಂದ ಬಿದ್ದ ಪೆಟ್ಟು ಎಂದು ಏಳು ಕಾರಣ ಹೇಳಿ, ಕರ್ಮವಿಪಾಕವನ್ನು ಎಂಟನೆಯದಾಗಿ ಇಡುತ್ತಾನೆ. ಕರ್ಮಸಿದ್ಧಾಂತವನ್ನು ನಂಬುವವರೂ ಮೊದಲ ಏಳನ್ನು ಹುಡುಕದೆ ಎಂಟನೆಯದಕ್ಕೆ ಹಾರುವಂತಿಲ್ಲ.

ಹಸಿವಿಗೆ ಹೆದರಿ ಸುಮ್ಮನೆ ಪಂಪು ಹೊತ್ತವನ ಗತಿಯೇನು? ಮಹಾಭಾರತದ ಶಾಂತಿಪರ್ವದ ಆಪದ್ಧರ್ಮ ಭಾಗದಲ್ಲಿ ಕ್ಷಾಮಕ್ಕೆ ಸಿಕ್ಕ ವಿಶ್ವಾಮಿತ್ರ ಚಂಡಾಲನ ಗುಡಿಸಲಿನಿಂದ ನಾಯಿಮಾಂಸ ಕದಿಯಲು ಹೋಗುತ್ತಾನೆ. ಬದುಕಿದರೆ ತಾನೆ ಧರ್ಮ ಎಂಬುದು ಆತನ ವಾದ. ಆಪತ್ತಿನಲ್ಲಿರುವವನನ್ನು ದೂರುವುದು ನ್ಯಾಯವಲ್ಲ. ಕ್ಷಾಮವನ್ನು ತಂದದ್ದು ಮಳೆಯಿಲ್ಲದ ಆಕಾಶ. ಕೂಲಿ ತಪ್ಪೀತೆಂಬ ಭಯವನ್ನು ತರುವವರು ಮನುಷ್ಯರು, ಅವರಿಗೆ ಆಪದ್ಧರ್ಮದ ಆಸರೆ ಇಲ್ಲ.

ಕಾನೂನು ಈ ವಿಚಾರಕ್ಕೆ ತಡವಾಗಿ ಬಂತು. ಭೋಪಾಲ ದುರಂತದ ಬಳಿಕ 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ಸೇರಿದ 41ಎಚ್ ಕಲಮು, ಸನ್ನಿಹಿತ ಅಪಾಯವನ್ನು ಆಡಳಿತದ ಗಮನಕ್ಕೆ ತರುವ ಹಕ್ಕನ್ನು ಕಾರ್ಮಿಕರಿಗೆ ಕೊಟ್ಟಿತು. ಆದರೆ ಸಾರ್ವಜನಿಕ ಉದ್ಯಾನ ಕಾರ್ಖಾನೆಯಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1981ರ 155ನೆಯ ಒಡಂಬಡಿಕೆ ಇದಕ್ಕಿಂತ ಮುಂದೆ ಹೋಗಿದೆ. ಜೀವಕ್ಕೆ ಗಂಭೀರ ಅಪಾಯವಿದೆ ಎಂದು ನಂಬಲು ತಕ್ಕ ಕಾರಣವಿದ್ದು ಕೆಲಸದಿಂದ ಹಿಂದೆ ಸರಿದವನಿಗೆ ಶಿಕ್ಷೆಯಾಗಕೂಡದು ಎನ್ನುತ್ತದೆ ಅದರ 13ನೆಯ ಅನುಚ್ಛೇದ. 19ನೆಯದರ ಪ್ರಕಾರ ಅಂಥ ಅಪಾಯವನ್ನು ಕೆಲಸಗಾರ ಕೂಡಲೇ ತನ್ನ ಮೇಲಿನವರಿಗೆ ತಿಳಿಸಬೇಕು. ಅಪಾಯ ಮುಂದುವರಿದಿರುವಷ್ಟು ಕಾಲ, ಅದನ್ನು ಸರಿಪಡಿಸುವ ತನಕ, ಕೆಲಸಗಾರರನ್ನು ಅಲ್ಲಿಗೆ ಮರಳಿ ಕಳಿಸುವಂತಿಲ್ಲ. ಆ ಮಾತು ದೂರು ಕೊಟ್ಟವನೊಬ್ಬನಿಗೆ ಮೀಸಲಲ್ಲ. ಒಬ್ಬ ಇಳಿಸಿದ ಪಂಪನ್ನು ಪಕ್ಕದವನ ಬೆನ್ನಿಗೆ ಕಟ್ಟುವುದಕ್ಕೂ ಅದು ತಡೆ.